ಲೈಂಗಿಕ ಒಲವು ಬೇರೆ, ಲಿಂಗ ಗುರುತು ಬೇರೆ ಅಂದಮೇಲೆ ಟ್ರಾನ್ಸ್‌ಜೆಂಡರ್ ಜನ ಎಲ್‌ಜಿಬಿಟಿಕ್ಯೂ ಸಮುದಾಯದ ಭಾಗ ಯಾಕೆ?

ಅವರೆಲ್ಲರನ್ನೂ ಹಿಂಸಿಸಿದ್ದು ಒಂದೇ ಕಾರಣಕ್ಕೆ, ಅವರು ಎದ್ದು ನಿಂತದ್ದೂ ಒಟ್ಟಿಗೇ. ಅದಕ್ಕೇ.

ಯಾರ ಮೇಲೆ ಒಲವು ಅನ್ನುವುದೂ, ತಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಅನ್ನುವುದೂ ಬೇರೆ ಬೇರೆ, ನಿಜ. ಟ್ರಾನ್ಸ್ ಮಹಿಳೆಯೊಬ್ಬರಿಗೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಿದ್ದರೂ ತಾನು ಹೆಣ್ಣೆಂದು ಅರಿತವರಿಗೆ, ಗಂಡಸರು ಇಷ್ಟವಾಗಬಹುದು, ಹೆಂಗಸರೂ ಇಷ್ಟವಾಗಬಹುದು. ಆದರೆ 'ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು' ಎಂಬ ಕಟ್ಟಳೆಯನ್ನು ಸಲಿಂಗಿಗಳೂ ಮುರಿಯುತ್ತಾರೆ, ಟ್ರಾನ್ಸ್ ಜನರೂ ಮುರಿಯುತ್ತಾರೆ. ಸಮಾಜ ಶಿಕ್ಷಿಸುವುದು ಅದಕ್ಕೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರೆ ಲಿಂಗದವರ ಉಡುಪು ತೊಡುವುದು 1863ರಿಂದ 1974ರವರೆಗೂ ಅಪರಾಧವಾಗಿತ್ತು. ಅದೇ ಊರಿನ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ 1966ರಲ್ಲಿ ಪೊಲೀಸರನ್ನು ಎದುರಿಸಿದವರಲ್ಲಿ ಟ್ರಾನ್ಸ್ ಮಹಿಳೆಯರೇ ಮುಂದಿದ್ದರು. ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಗೇ ಬಾರ್ ಮೇಲೆ ಪೊಲೀಸರು ದಾಳಿ ಮಾಡಿದಾಗ ದಂಗೆ ನಡೆದದ್ದು ಅದಾಗಿ ಮೂರು ವರ್ಷಕ್ಕೆ. ಅಲ್ಲಿ ಗೇ, ಲೆಸ್ಬಿಯನ್, ಟ್ರಾನ್ಸ್ ಎಲ್ಲರೂ ಬೀದಿಗಿಳಿದರು.

ಹಾಗಂತ ಈ ಸಮುದಾಯದೊಳಗೆ ಟ್ರಾನ್ಸ್ ಜನರಿಗೆ ಆದರ ಸದಾ ಸಿಕ್ಕಿತೆನ್ನಲಾಗದು. 1973ರಲ್ಲಿ ನ್ಯೂಯಾರ್ಕಿನ ಪ್ರೈಡ್ ಸಭೆಯಲ್ಲಿ, ಅಂದರೆ ಈ ಸಮುದಾಯದವರೇ ಹಕ್ಕುಗಳಿಗಾಗಿ ಸೇರುವ ಸಭೆಯಲ್ಲಿ, ಮಾತಾಡಲು ನಿಂತ ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೆರಾ ಅವರನ್ನು ನೆರೆದವರಲ್ಲೇ ಹಲವರು ಕೂಗಿ ಹೀಯಾಳಿಸಿದರು. ಜೈಲಿನಲ್ಲಿದ್ದ ತಮ್ಮವರ ಪರವಾಗಿ ಅವರು ಮಾತಾಡುತ್ತಿದ್ದರು. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ. 2007ರಲ್ಲಿ ಅಮೆರಿಕದ ಕೆಳಮನೆ ಒಪ್ಪಿದ ಉದ್ಯೋಗ ತಾರತಮ್ಯ ತಡೆ ಮಸೂದೆಯೂ ಲೈಂಗಿಕ ಒಲವಿಗೆ ರಕ್ಷಣೆ ಕೊಟ್ಟು, ಲಿಂಗ ಗುರುತನ್ನು ಹೊರಗಿಟ್ಟಿತ್ತು. ಆಗ ನೂರಾರು ಎಲ್‌ಜಿಬಿಟಿ ಸಂಘಟನೆಗಳು ಅದನ್ನು ವಿರೋಧಿಸಿ ಟ್ರಾನ್ಸ್ ಜನರ ಜೊತೆ ನಿಂತವು.