ಪುಣೆಯ ಪಿನ್‌ಕೋಡ್ ಶುರುವಾಗುವ 411 ಅನ್ನು ಎರಡು ಸಲ ಬರೆದರೆ 7, 11, 13 ಮೂರರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ, ಯಾಕೆ?

ಕಾರಣ 1001. ಮೂರಂಕಿಯ ಯಾವುದೇ ಸಂಖ್ಯೆಯನ್ನು ಪಕ್ಕಪಕ್ಕದಲ್ಲಿ ಎರಡು ಸಲ ಬರೆದರೆ, ಅದನ್ನು 1001ರಿಂದ ಗುಣಿಸಿದ ಹಾಗೆ. 1001 ಅಂದರೆ 7 × 11 × 13.

ಬಿಡಿಸಿ ನೋಡಿ. 4,11,411ರಲ್ಲಿ ಎಡಗಡೆಯ 411 ಸಾವಿರದ ಜಾಗದಲ್ಲಿ ಕೂತಿದೆ, ಅದರ ಬೆಲೆ 4,11,000. ಬಲಗಡೆಯ 411 ಕೂಡಿಸಿದರೆ ಒಟ್ಟು ಸಾವಿರದ ಒಂದು 411ಗಳು, ಅಲ್ವಾ?

ಕೋಥ್ರೂಡ್‌ನ ನಮ್ಮ ಮನೆಗೆ ಬರುವ ಮಕ್ಕಳಿಗೆ ಹಳೇ ಕರೆಂಟ್ ಬಿಲ್ಲಿನ ಹಿಂದೆ ಇದನ್ನು ಮಾಡಿಸುತ್ತೇನೆ. 7ರಿಂದ ಭಾಗಿಸಿದರೆ 58,773. ಅದನ್ನು 11ರಿಂದ ಭಾಗಿಸಿದರೆ 5,343. ಅದನ್ನು 13ರಿಂದ ಭಾಗಿಸಿದರೆ ಮತ್ತೆ 411! ಆಗ ಅವರ ಮುಖ ಅರಳುವುದನ್ನು ನೋಡಬೇಕು.

ಮುಂಬೈನ 400, ಗೋವಾದ 403 ಕೂಡ ಹೀಗೇ. 411 ಅನ್ನು ಮೂರು ಸಲ ಬರೆದರೆ ಮಾತ್ರ ಆಗುವುದಿಲ್ಲ, ಕೊನೆಯದು ಜೋಡಿಯಿಲ್ಲದೆ ಉಳಿದುಬಿಡುತ್ತದೆ.