ಹೆದ್ದಾರಿ, ಟೋಲ್, ಎರೆ ಮಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಟೋಲ್ ರಸ್ತೆಗಳ ಕುರಿತು ಪ್ರಶ್ನೆಗಳಿದ್ದರೆ ಬರೆದು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಪ್ರಶ್ನೆಗಿಂತ ಸಿಟ್ಟೇ ಹೆಚ್ಚಾಗಿತ್ತು. ರಸ್ತೆ ಕೆಲಸದಲ್ಲಿಯೇ ತಲೆ ನರೆತ ನನಗೆ ಆ ಸಿಟ್ಟು ಹೊಸದಲ್ಲ, ಅಕಾರಣವೆಂದೂ ಅನ್ನಿಸುವುದಿಲ್ಲ. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಬೆಳಗಾವಿಯಿಂದ ಕಾಗಲ್‌ವರೆಗಿನ ರಸ್ತೆ ಚತುಷ್ಪಥವಾಗಿ ಎರಡು ದಶಕವಾಗುತ್ತ ಬಂತು. ಹಾಕಿದ ದುಡ್ಡು ಎಂದೋ ಮರಳಿರಬೇಕು. ಆದರೂ ಹತ್ತರಗಿಯಲ್ಲಿ, ಕೊಗನೊಳ್ಳಿಯಲ್ಲಿ ಟೋಲ್ ಕಟ್ಟುತ್ತಲೇ ಇದ್ದೇವೆ. ಗಾಡಿ ಕೊಳ್ಳುವಾಗಲೇ ರಸ್ತೆ ತೆರಿಗೆ ತುಂಬಿದವರು ನಾವು. ಇದು ಎಂದಿಗೆ ಮುಗಿಯುತ್ತದೆ?
— ಕಿರಾಣಿ ವ್ಯಾಪಾರಿ, ಸಂಕೇಶ್ವರ

ಉತ್ತರ: ಸದ್ಯಕ್ಕೆ ಮುಗಿಯುವುದಿಲ್ಲ. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಈಗ ಜಾರಿಯಲ್ಲಿರುವ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು 2008ರವು. ರಸ್ತೆಗೆ ಹಾಕಿದ ಬಂಡವಾಳ ಮರಳಿದ ಮೇಲೆ ಟೋಲ್ ದರವನ್ನು ಶೇ. 40ಕ್ಕೆ ಇಳಿಸಬೇಕು ಎಂಬ ಮಾತು ಮೊದಲು ಅವುಗಳಲ್ಲಿತ್ತು. ಅಂದರೆ ಸಾಲ ತೀರಿದ ನಂತರ ನಿರ್ವಹಣೆಗೆ ಬೇಕಾದಷ್ಟನ್ನೇ ವಸೂಲಿ ಮಾಡಬೇಕೆಂಬ ಆಶಯ. 2023ರ ತಿದ್ದುಪಡಿಯಲ್ಲಿ ಈ ಇಳಿಕೆಯನ್ನು ಕೈಬಿಡಲಾಯಿತು. ಹೀಗಾಗಿ ಟೋಲ್ ಎಂಬುದು ಒಂದು ರಸ್ತೆಯ ಸಾಲ ತೀರಿಸುವ ಕಂತಾಗಿ ಉಳಿದಿಲ್ಲ, ದೇಶದ ಹೆದ್ದಾರಿಗಳಿಗೆಲ್ಲ ಹಣ ಒದಗಿಸುವ ಕಾಯಂ ಆದಾಯವಾಗಿದೆ.

ತಮ್ಮ ಊರ ಮುಂದಿನ ರಸ್ತೆಯದು ಇನ್ನೂ ಒಂದು ಹೆಜ್ಜೆ ಮುಂದಿನ ಕಥೆ. ಹೆದ್ದಾರಿ ಪ್ರಾಧಿಕಾರ ಹುಟ್ಟುಹಾಕಿದ ನ್ಯಾಷನಲ್ ಹೈವೇಸ್ ಇನ್‌ಫ್ರಾ ಟ್ರಸ್ಟ್ 2021ರ ನವೆಂಬರಿನಲ್ಲಿ ಹೂಡಿಕೆದಾರರಿಂದ 5,000 ಕೋಟಿ ರೂಪಾಯಿಗೂ ಹೆಚ್ಚು ಹಣ ಎತ್ತಿದಾಗ, ಆ ಟ್ರಸ್ಟಿಗೆ ವಹಿಸಿಕೊಟ್ಟ ಮೊದಲ ಐದು ರಸ್ತೆಗಳಲ್ಲಿ ಮಹಾರಾಷ್ಟ್ರ ಗಡಿಯಿಂದ ಬೆಳಗಾವಿವರೆಗಿನ ಈ ರಸ್ತೆಯೂ ಸೇರಿತ್ತು. ಐದೂ ಕೂಡಿ ಸುಮಾರು 390 ಕಿ.ಮೀ.; ಟೋಲ್ ಎತ್ತುವ ಹಕ್ಕು 30 ವರ್ಷಗಳದು. ನಮ್ಮ ಕಡೆ ಹೊಲವನ್ನು ಲಾವಣಿಗೆ ಹಾಕುತ್ತಾರಲ್ಲ, ಅದೇ ರೀತಿ: ಹೊಲದ ಒಡೆತನ ಕೈಬಿಡುವುದಿಲ್ಲ, ಮುಂದಿನ ವರ್ಷಗಳ ಪೀಕಿನ ಹಣ ಇಂದೇ ಒಟ್ಟಿಗೆ ಕೈಸೇರುತ್ತದೆ, ಪೀಕು ಮಾತ್ರ ಲಾವಣಿದಾರನದು. ಆ ಮೊದಲ ಹಂಚಿಕೆಯಲ್ಲಿ ಕೆನಡಾದ ಎರಡು ಪಿಂಚಣಿ ನಿಧಿಗಳು ತಲಾ ಶೇ. 25ರಷ್ಟು ಪಾಲು ಕೊಂಡವು. ಅವುಗಳಲ್ಲೊಂದು ಒಂಟಾರಿಯೊ ಪ್ರಾಂತ್ಯದ ಶಿಕ್ಷಕರದು. ಹತ್ತರಗಿಯಲ್ಲಿ ತಮ್ಮ ಫಾಸ್ಟ್ಯಾಗ್‌ನಿಂದ ಕಡಿತವಾಗುವ ಹಣದ ಒಂದಂಶ ಅಲ್ಲಿಯ ನಿವೃತ್ತ ಮಾಸ್ತರರ ಪಿಂಚಣಿಗೆ ಸೇರುತ್ತದೆ ಎಂದು ಹೇಳಿದಾಗ ನನ್ನ ಅಳಿಯ ನಂಬಲಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಹೀಗೆ ಬಂದ ಹಣದಿಂದ ಬೇರೆಡೆ ಹೊಸ ರಸ್ತೆ ಕಟ್ಟುವುದೇ ಯೋಜನೆಯ ಉದ್ದೇಶ. ನನ್ನ ತಕರಾರು ಬೇರೆ: ಮುಂದಿನ 30 ವರ್ಷ ಹಣ ಕಟ್ಟಬೇಕಾದ ಸಂಕೇಶ್ವರದವರಿಗೂ ನಿಪ್ಪಾಣಿಯವರಿಗೂ ಇದನ್ನು ಅವರ ಭಾಷೆಯಲ್ಲಿ ಕೂರಿಸಿ ಹೇಳಿದವರಿಲ್ಲ.

ದರ ಏರುವ ಲೆಕ್ಕವೂ ನಿಯಮದಲ್ಲಿಯೇ ಇದೆ. ನಾಲ್ಕು ಪಥದ ರಸ್ತೆಗೆ 2007–08ರ ಮೂಲ ದರ ಕಾರಿಗೆ ಕಿ.ಮೀ.ಗೆ 65 ಪೈಸೆ, ಬಸ್ಸು ಮತ್ತು ಎರಡು ಆಕ್ಸಲ್ (ಚಕ್ರಗಳ ಅಚ್ಚು) ಇರುವ ಲಾರಿಗೆ 2 ರೂಪಾಯಿ 20 ಪೈಸೆ. ಅದಕ್ಕೆ ವರ್ಷಕ್ಕೆ ಶೇ. 3ರ ನಿಗದಿತ ಏರಿಕೆ, ಅದರ ಜೊತೆಗೆ ಸಗಟು ಬೆಲೆ ಸೂಚ್ಯಂಕ ಏರಿದ್ದರ ಶೇ. 40ರಷ್ಟು. ಬಂದ ಮೊತ್ತವನ್ನು ಹತ್ತಿರದ ಐದು ರೂಪಾಯಿಗೆ ಸರಿಹೊಂದಿಸುತ್ತಾರೆ. ಆದ್ದರಿಂದಲೇ ಒಂದು ವರ್ಷ ದರ ಏರಿದ್ದು ಕಾಣುವುದಿಲ್ಲ, ಮರುವರ್ಷ ಒಮ್ಮೆಗೇ ಐದು ರೂಪಾಯಿ ಜಿಗಿದಂತೆ ಕಾಣುತ್ತದೆ.

ರಸ್ತೆ ತೆರಿಗೆಯ ಮಾತು ನ್ಯಾಯವಾದದ್ದು, ಆದರೆ ಆ ಹಣ ಹೋಗುವುದು ರಾಜ್ಯದ ಬೊಕ್ಕಸಕ್ಕೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಕೇಂದ್ರಕ್ಕೆಂದು ತಾವು ಕಟ್ಟುವುದು ಪೆಟ್ರೋಲ್, ಡೀಸೆಲ್ ಮೇಲಿನ ರಸ್ತೆ ಸೆಸ್. 2000ನೇ ಇಸವಿಯ ಕೇಂದ್ರ ರಸ್ತೆ ನಿಧಿ ಕಾಯ್ದೆಯ ಪ್ರಕಾರ ಅದು ಮುಖ್ಯವಾಗಿ ರಸ್ತೆಗಳಿಗೆಂದು ಮೀಸಲಾಗಿತ್ತು, 2018ರ ತಿದ್ದುಪಡಿಯ ನಂತರ ಬೇರೆ ಮೂಲಸೌಕರ್ಯಗಳಿಗೂ ಅದನ್ನು ಬಳಸಬಹುದು. ಸೆಸ್ಸಿನ ಮೇಲೆ ಟೋಲ್ ಏಕೆಂದು ತಾವು ಕೇಳಿದ್ದರೆ ಪ್ರಶ್ನೆ ಇನ್ನಷ್ಟು ಮೊನಚಾಗುತ್ತಿತ್ತು. ಹಾಕಿದ ಬಂಡವಾಳ ಎಷ್ಟು, ಇದುವರೆಗೆ ಬಂದದ್ದೆಷ್ಟು, ಗುತ್ತಿಗೆ ಯಾರದು ಎಂಬ ವಿವರಗಳಿಗೆ ಪ್ರಾಧಿಕಾರದ್ದೇ ಒಂದು ಟೋಲ್ ಮಾಹಿತಿ ಜಾಲತಾಣವಿದೆ. ವಾದಕ್ಕಿಳಿಯುವ ಮುನ್ನ ಅದನ್ನು ತೆರೆದು ನೋಡಿರಿ.

ಪ್ರಶ್ನೆ: 60 ಕಿ.ಮೀ. ಒಳಗೆ ಎರಡು ಟೋಲ್ ಇರಬಾರದೆಂದು ಮಂತ್ರಿಗಳೇ ಲೋಕಸಭೆಯಲ್ಲಿ ಹೇಳಿದ್ದರಲ್ಲ? ಹತ್ತರಗಿ, ಕೊಗನೊಳ್ಳಿಗಳ ನಡುವೆ ಅಷ್ಟು ಅಂತರವಿಲ್ಲ. ಟೋಲಿಗೆ ಹತ್ತಿರದಲ್ಲಿರುವ ನಮಗೆ ವಿನಾಯಿತಿ ಇಲ್ಲವೆ?
— ನಿವೃತ್ತ ಶಿಕ್ಷಕಿ, ಹುಕ್ಕೇರಿ ತಾಲ್ಲೂಕು

ಉತ್ತರ: ನಿತಿನ್ ಗಡ್ಕರಿ ಅವರು 2022ರ ಮಾರ್ಚ್‌ನಲ್ಲಿ, ಅಂಥ ಟೋಲ್‌ಗಳನ್ನು ಮೂರು ತಿಂಗಳಲ್ಲಿ ಮುಚ್ಚುವುದಾಗಿ ಹೇಳಿದ್ದು ನಿಜ. ಆದರೆ ನಿಯಮದಲ್ಲಿ 60 ಕಿ.ಮೀ. ಮಾತಿನ ಜೊತೆಗೇ, ಕಾರಣ ಬರೆದಿಟ್ಟು ಅದಕ್ಕಿಂತ ಹತ್ತಿರದಲ್ಲಿ ಹಾಕಲು ಅವಕಾಶವೂ ಇದೆ. ಇನ್ನೊಂದು ಮಾತನ್ನು ಗಮನಿಸಬೇಕು. ಪ್ರತಿ ಟೋಲಿನಲ್ಲಿ ವಸೂಲಿ ಮಾಡುವುದು ಆ ಟೋಲಿಗೆ ಒಳಪಟ್ಟ ಕಿಲೋಮೀಟರುಗಳ ಹಣವನ್ನು. ಒಂದನ್ನು ಮುಚ್ಚಿದರೆ ಅದರ ಕಿಲೋಮೀಟರುಗಳು ಇನ್ನೊಂದರ ಲೆಕ್ಕಕ್ಕೆ ಸೇರುತ್ತವೆ. ಆಗ ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಗುವವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಉಳಿದ ಟೋಲನ್ನಷ್ಟೇ ದಾಟುವ ನೆರೆಯ ಊರಿನವರಿಗೆ ಹೊರೆ ಇಮ್ಮಡಿಯಾಗಲೂಬಹುದು.

ಟೋಲಿನಿಂದ 20 ಕಿ.ಮೀ. ಒಳಗೆ ವಾಸವಾಗಿರುವವರ ಸ್ವಂತ ಬಳಕೆಯ ಕಾರಿಗೆ ತಿಂಗಳ ಪಾಸು ಉಂಟು. 2025–26ರಲ್ಲಿ ಅದರ ದರ 350 ರೂಪಾಯಿ. ಆರ್.ಸಿ. ಮತ್ತು ವಾಸದ ವಿಳಾಸ ತೋರಿಸುವ ದಾಖಲೆ ಬೇಕು. ಬಾಡಿಗೆ ಗಾಡಿಗೆ ಈ ಪಾಸು ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಭಾಗದ ಒಂದು ಟೋಲ್ ರಸ್ತೆಯಲ್ಲಿ ಪ್ರತಿ ಮಳೆಗಾಲಕ್ಕೆ ಡಾಂಬರು ಅಲೆಯಲೆಯಾಗಿ ಏಳುತ್ತದೆ, ತಗ್ಗು ಬೀಳುತ್ತವೆ. ತೇಪೆ ಹಾಕಿದ ಆರು ತಿಂಗಳಿಗೆ ಮತ್ತೆ ಅದೇ ಪಾಡು. ಒಣದ್ರಾಕ್ಷಿ ತುಂಬಿದ ಗಾಡಿ ಅದರ ಮೇಲೆಯೇ ಹೋಗಬೇಕು. ಕೆಟ್ಟ ರಸ್ತೆಗೂ ಪೂರ್ತಿ ಟೋಲ್ ಕೊಡಬೇಕೆ?
— ಲಾರಿ ಮಾಲೀಕ, ತಿಕೋಟಾ

ಉತ್ತರ: ಮೊದಲು ಮಣ್ಣಿನ ಮಾತು. ಬೇಸಿಗೆಯಲ್ಲಿ ತಮ್ಮ ಕಡೆಯ ಎರೆಹೊಲದ ಬಿರುಕಿನೊಳಗೆ ಕೋಲು ಇಳಿಬಿಟ್ಟು ನೋಡಿರಿ, ಮೊಣಕಾಲುದ್ದ ಇಳಿಯುತ್ತದೆ. ಜೂನಿನ ಮೊದಲ ಹದ ಮಳೆಗೆ ಅದೇ ಬಿರುಕು ಮುಚ್ಚಿಹೋಗುತ್ತದೆ. ನೀರು ಕುಡಿದರೆ ಉಬ್ಬಿ, ಆರಿದರೆ ಕುಗ್ಗುವ ಈ ಜೇಡಿಯ ಮೇಲೆ ರಸ್ತೆ ಹಾಕುವುದೆಂದರೆ ಉಸಿರಾಡುವ ಹೊಟ್ಟೆಯ ಮೇಲೆ ಪರಡಿ ಇಟ್ಟಂತೆ. ಎಂಜಿನಿಯರುಗಳು ನೆಲದ ತಾಳಿಕೆಯನ್ನು ಸಿ.ಬಿ.ಆರ್. ಎಂಬ ಅಳತೆಯಿಂದ ಹೇಳುತ್ತಾರೆ. ನೆನೆದ ಎರೆ ಮಣ್ಣಿನಲ್ಲಿ ಅದು ಸಾಮಾನ್ಯವಾಗಿ ಶೇ. 2ರಿಂದ 4, ಲಾರಿಗಳು ಹೆಚ್ಚು ಓಡುವ ರಸ್ತೆಯ ತಳಕ್ಕೆ ಕನಿಷ್ಠ 5 ಇರಬೇಕು. ಆದ್ದರಿಂದ ಎರೆ ಮಣ್ಣನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು, ಇಲ್ಲವೇ ಸುಣ್ಣ ಬೆರೆಸಿ ಮಣ್ಣಿನ ಗುಣವನ್ನೇ ಬದಲಿಸಬೇಕು. ಎರಡಕ್ಕಿಂತ ಮುಖ್ಯವಾಗಿ ಇಕ್ಕೆಲದ ಗಟಾರದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ತಳದಲ್ಲಿ ಉಳಿಸಿದ ದುಡ್ಡನ್ನು ಮೇಲಿನ ತೇಪೆಗೆ ಹತ್ತು ಸಲ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು ತಮಗೆ ರುಚಿಸದಿರಬಹುದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಪರೀಕ್ಷೆಯಿಂದ ರಸ್ತೆಯ ಸವೆತದ ಲೆಕ್ಕ ಸಿಕ್ಕಿತು: ಆಕ್ಸಲ್ ಮೇಲಿನ ಭಾರ ಇಮ್ಮಡಿಯಾದರೆ ಸವೆತ ಇಮ್ಮಡಿಯಲ್ಲ, ಸುಮಾರು ಹದಿನಾರು ಪಟ್ಟು. ನಮ್ಮಲ್ಲಿ ನಾಲ್ಕು ಚಕ್ರದ ಒಂಟಿ ಆಕ್ಸಲ್‌ಗೆ 2018ರಲ್ಲಿ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಕಾಗದದ ಮೇಲೆ ಒಂದೇ ಟನ್ನು ಚಿಲ್ಲರೆ. ಸವೆತದ ಲೆಕ್ಕದಲ್ಲಿ ಒಂದೂವರೆ ಪಟ್ಟಿಗೂ ಮೇಲು. ಅದೇ ಆಕ್ಸಲ್ ಮೇಲೆ 15 ಟನ್ ಹೇರಿದರೆ ಮಿತಿಯೊಳಗಿನ ಗಾಡಿಗಿಂತ ಮೂರು ಪಟ್ಟಿನಷ್ಟು ಹಾನಿ. 2019ರ ಮೋಟಾರು ವಾಹನ ತಿದ್ದುಪಡಿಯಂತೆ ಹೆಚ್ಚು ಹೇರಿದ್ದಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವಿದೆ. ಹೆಚ್ಚು ಹೇರಿದ ಗಾಡಿಯ ಹೆಸರು ನಾನಿಲ್ಲಿ ಹೇಳುವುದಿಲ್ಲ, ಅದರ ಸವೆತಕ್ಕೆ ಕಾರಿನವನೂ ಟೋಲ್ ಕಟ್ಟುತ್ತಿದ್ದಾನೆ ಎಂಬುದನ್ನಷ್ಟೇ ಹೇಳುತ್ತೇನೆ.

ಇಷ್ಟಾದರೂ ಕೆಟ್ಟ ರಸ್ತೆಗೆ ಪೂರ್ತಿ ಟೋಲ್ ಏಕೆಂಬ ತಮ್ಮ ಪ್ರಶ್ನೆ ಬಿದ್ದುಹೋಗುವುದಿಲ್ಲ. ಕೇರಳದ ಪಾಲಿಯೆಕ್ಕರ ಟೋಲನ್ನು ರಸ್ತೆಯ ದುಸ್ಥಿತಿಯ ಕಾರಣಕ್ಕೆ ಅಲ್ಲಿಯ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ನಾಲ್ಕು ವಾರ ತಡೆಹಿಡಿದಾಗ, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಅದೇ ವರ್ಷ ಫೆಬ್ರುವರಿಯಲ್ಲಿ ಜಮ್ಮು ಕಾಶ್ಮೀರದ ಹೈಕೋರ್ಟ್, ಕಾಮಗಾರಿ ಮುಗಿಯದ ಹೆದ್ದಾರಿಯ ಎರಡು ಟೋಲ್‌ಗಳಲ್ಲಿ ದರವನ್ನು ಶೇ. 20ಕ್ಕೆ ಇಳಿಸುವಂತೆ ಆದೇಶಿಸಿತು. ಎರಡೂ ಕಡೆ ಗೆದ್ದದ್ದು ದಾಖಲೆ ಹಿಡಿದು ಹೋದ ಅರ್ಜಿ. ಟೋಲಿನ ಹುಡುಗನ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಅವನು ದಿನಗೂಲಿಯವನು. ತಗ್ಗಿನ ಫೋಟೊ, ಕಿಲೋಮೀಟರ್ ಕಲ್ಲಿನ ಸಂಖ್ಯೆ, ತಾರೀಖು ಈ ಮೂರನ್ನು ಕೂಡಿಸಿಟ್ಟುಕೊಂಡು ಹೆದ್ದಾರಿ ಸಹಾಯವಾಣಿ 1033ಕ್ಕೆ ದೂರು ಕೊಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಕಬ್ಬಿನ ಟ್ರ್ಯಾಕ್ಟರಿಗೆ ಟೋಲ್ ಉಂಟೆ?
— ರೈತ, ಮುಧೋಳ

ಉತ್ತರ: ರಾಷ್ಟ್ರೀಯ ಹೆದ್ದಾರಿಯಲ್ಲಿ ಟ್ರ್ಯಾಕ್ಟರಿಗೂ ಎತ್ತಿನ ಗಾಡಿಗೂ ಟೋಲ್ ಇಲ್ಲ. ಆದರೆ ಸರ್ವಿಸ್ ರಸ್ತೆ ಇರುವಲ್ಲಿ ಅವು ಹೆದ್ದಾರಿಗೆ ಏರುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಹಂಗಾಮು ಶುರುವಾದ ಮೇಲೆ ರಾತ್ರಿ ಹೊತ್ತು ಎರಡು ಟ್ರೇಲರ್ ಕಟ್ಟಿಕೊಂಡು, ಹಿಂಬದಿಯ ಕೆಂಪು ರಿಫ್ಲೆಕ್ಟರ್ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿ, ಹಾಡು ಮಾತ್ರ ಜೋರಾಗಿ ಕೇಳಿಸುತ್ತ ಹೋಗುವ ಟ್ರ್ಯಾಕ್ಟರ್‌ಗಳು ನಮ್ಮೆಲ್ಲರಿಗೂ ಗೊತ್ತು. ಸೋಗೆಯನ್ನು ಸವರಿ ರಿಫ್ಲೆಕ್ಟರ್ ಕಾಣುವಂತೆ ಮಾಡಿರಿ, ಅದಕ್ಕೆ ಖರ್ಚಿಲ್ಲ.

ಪ್ರಶ್ನೆ: ಸರ್ಕಾರವೇ ಸಾಲ ತಂದು ರಸ್ತೆ ಕಟ್ಟಿದರೆ ಖಾಸಗಿಯವರ ಲಾಭದ ಪಾಲಾದರೂ ಉಳಿಯುವುದಿಲ್ಲವೆ?
— ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಲಾಭಕ್ಕಿಂತ ಮೊದಲು ಕೇಳಬೇಕಾದದ್ದು, ಗಾಡಿಗಳು ನಿರೀಕ್ಷಿಸಿದಷ್ಟು ಬಾರದಿದ್ದರೆ ನಷ್ಟ ಯಾರ ತಲೆಗೆ ಎಂಬುದನ್ನು. ಮೆಕ್ಸಿಕೋ ದೇಶ 1989ರಿಂದ 1994ರವರೆಗೆ ಐವತ್ತಕ್ಕೂ ಹೆಚ್ಚು ಟೋಲ್ ರಸ್ತೆಗಳನ್ನು ಖಾಸಗಿಗೆ ವಹಿಸಿತು. ಕಡಿಮೆ ವರ್ಷಗಳಲ್ಲಿ ರಸ್ತೆ ಮರಳಿಸುವೆನೆಂದವನಿಗೆ ಟೆಂಡರ್ ಸಿಗುತ್ತಿತ್ತು. ಅಷ್ಟರೊಳಗೆ ಹಣ ಎತ್ತಲು ಅವನು ದರವನ್ನು ಆಕಾಶಕ್ಕೇರಿಸಿದ. ಲಾರಿಯವರು ಟೋಲಿಲ್ಲದ ಹಳೆಯ ರಸ್ತೆ ಹಿಡಿದರು. 1994ರ ಕೊನೆಗೆ ಅಲ್ಲಿಯ ಪೆಸೊ ನಾಣ್ಯವೂ ಕುಸಿಯಿತು. 1997ರಲ್ಲಿ ಸರ್ಕಾರ 23 ರಸ್ತೆಗಳನ್ನು ಸಾಲಸಮೇತ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಚಿಲಿ ದೇಶ 1998ರಲ್ಲಿ ಸ್ಯಾಂಟಿಯಾಗೊ–ವಾಲ್ಪರೈಸೊ ರಸ್ತೆಗೆ ಜಾಣ ದಾರಿ ಕಂಡುಕೊಂಡಿತು: ಒಟ್ಟು ಎಷ್ಟು ಆದಾಯ ಬಂದರೆ ಸಾಕು ಎಂಬುದರ ಮೇಲೆ ಟೆಂಡರ್, ಅಷ್ಟು ಬಂದ ದಿನ ಗುತ್ತಿಗೆ ಮುಗಿಯಿತು. ಗಾಡಿ ಕಡಿಮೆಯಾದರೆ ಅವಧಿ ತಾನಾಗಿ ಉದ್ದವಾಗುತ್ತದೆ, ಹೆಚ್ಚಾದರೆ ಬೇಗ ತೀರುತ್ತದೆ.

ನಮ್ಮಲ್ಲಿಯೂ ಒಂದು ಕಾಲದಲ್ಲಿ ಸಂಚಾರದ ಅಂದಾಜನ್ನು ಉಬ್ಬಿಸಿ ಟೆಂಡರ್ ಹಿಡಿದ ಅನೇಕ ಗುತ್ತಿಗೆಗಳು ಸೊರಗಿದವು, ಸಾಲ ಕೊಟ್ಟ ಬ್ಯಾಂಕುಗಳಿಗೂ ಪೆಟ್ಟು ಬಿತ್ತು. ಹಾಗಾಗಿ 2016ರಲ್ಲಿ ಬಂದದ್ದು ಹೈಬ್ರಿಡ್ ಆನ್ಯುಯಿಟಿ ಪದ್ಧತಿ. ಕಟ್ಟುವಾಗಲೇ ಶೇ. 40ರಷ್ಟು ಹಣವನ್ನು ಸರ್ಕಾರ ಕೊಡುತ್ತದೆ, ಉಳಿದದ್ದನ್ನು ಗುತ್ತಿಗೆದಾರ ಹೊಂದಿಸಿಕೊಂಡು 15 ವರ್ಷ ಕಂತಿನಲ್ಲಿ ಪಡೆಯುತ್ತಾನೆ, ಟೋಲ್ ಮಾತ್ರ ಸರ್ಕಾರಕ್ಕೆ ಸೇರುತ್ತದೆ. ಸಂಚಾರದ ನಷ್ಟ ಸರ್ಕಾರದ್ದು, ಕಟ್ಟುವ ಮತ್ತು ಕಾಯುವ ಹೊಣೆ ಗುತ್ತಿಗೆದಾರನದು. ನನ್ನ ಮಟ್ಟಿಗೆ ಬಡ ದೇಶಕ್ಕೆ ಈ ಹಂಚಿಕೆ ಹೊಂದುತ್ತದೆ. ಆದರೆ ಕಂತು ಕೊಡುವ ಮುನ್ನ ರಸ್ತೆಯನ್ನು ಖುದ್ದಾಗಿ ಅಳೆದು ನೋಡುವ ಅಧಿಕಾರಿ ಇದ್ದರೆ ಮಾತ್ರ. ಇಲ್ಲವಾದರೆ ಸರ್ಕಾರವೇ ಕಟ್ಟಿದರೂ ಅಷ್ಟೇ, ಖಾಸಗಿಯವರು ಕಟ್ಟಿದರೂ ಅಷ್ಟೇ.

ಪ್ರಶ್ನೆ: ಫಾಸ್ಟ್ಯಾಗ್‌ನಲ್ಲಿ ಹಣವಿತ್ತು. ಟೋಲಿನ ಯಂತ್ರ ಓದಲಿಲ್ಲ. ನಗದು ಎರಡು ಪಟ್ಟು ತೆಗೆದುಕೊಂಡರು. ಸರಿಯೆ?
— ಸೀರೆ ವ್ಯಾಪಾರಿ, ಇಳಕಲ್

ಉತ್ತರ: ಸರಿಯಲ್ಲ. ಟ್ಯಾಗ್ ಚಾಲ್ತಿಯಲ್ಲಿದ್ದು, ಅದರಲ್ಲಿ ಸಾಕಷ್ಟು ಹಣವಿದ್ದು, ಓದುವ ಯಂತ್ರದ್ದೇ ದೋಷವಿದ್ದರೆ ಹಣ ಪಡೆಯದೆ ಗಾಡಿ ಬಿಡಬೇಕು, ಶೂನ್ಯ ಮೊತ್ತದ ರಶೀದಿ ಕೊಡಬೇಕು ಎಂದು 2018ರಿಂದಲೇ ನಿಯಮವಿದೆ. ಎರಡು ಪಟ್ಟು ಕೊಡಬೇಕಾದದ್ದು ಟ್ಯಾಗ್ ಇಲ್ಲದವರು ಅಥವಾ ಟ್ಯಾಗ್ ಕೆಟ್ಟವರು ನಗದು ಕೊಟ್ಟಾಗ. 2025ರ ನವೆಂಬರ್ 15ರಿಂದ ಅವರೂ ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಸಾಕು. ಮುಂದಿನ ಸಲ ಅಲ್ಲಿಯೇ ಮೊಬೈಲಿನಲ್ಲಿ ಟ್ಯಾಗ್‌ನ ಬಾಕಿ ಹಣ ತೋರಿಸಿ ಶೂನ್ಯ ರಶೀದಿ ಕೇಳಿರಿ. ಈ ಸಲದ ನಗದು ರಶೀದಿ ಇನ್ನೂ ಜೇಬಿನಲ್ಲಿದ್ದರೆ ಇಂದೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಆ ಕಾಗದದ ಅಕ್ಷರಗಳು ಬಿಸಿಲಿಗೆ ಬೇಗ ಮಾಸುತ್ತವೆ.