ಹೆಸರು ಬದಲಿಸಿದರೂ ಫೋನು ಆ್ಯಪನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಘಟಕ. ಗೂಡು ಕೊಂಡ ಲೆಕ್ಕ, ನೂಲು ಮಾರಿದ ಲೆಕ್ಕ, ಕೆಲಸದವರ ಕೂಲಿ ಎಲ್ಲವನ್ನೂ ಬರೆದಿಡಲು ಅಣ್ಣನ ಮಗ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದಾನೆ. ಈಗ ಹೊಸ ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ತಿದ್ದಿ ಕಳುಹಿಸಿದರೆ, ಈಗಾಗಲೇ ಇರುವ ಪ್ಯಾಕೇಜಿಗೆ ಹೊಂದುವುದಿಲ್ಲವೆಂದು ಹೇಳಿ ಫೋನು ಅದನ್ನು ನಿರಾಕರಿಸುತ್ತಿದೆ. ಆ್ಯಪಿನ ಹೆಸರನ್ನೂ ಚಿತ್ರವನ್ನೂ ಬದಲಿಸಿ ನೋಡಿದ್ದಾಯಿತು. ಅದು ಹಳೆಯ ಆ್ಯಪೇ ಎಂದು ಫೋನಿಗೆ ಹೇಗೆ ತಿಳಿಯುತ್ತದೆ? ಹಳೆಯದನ್ನು ತೆಗೆದುಹಾಕಿ ಹೊಸದನ್ನು ಹಾಕಿಕೊಳ್ಳಬಹುದೇ?
– ಒಬ್ಬ ಓದುಗರು, ಶಿಡ್ಲಘಟ್ಟ

ಉತ್ತರ: ತಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಅಗತ್ಯ. ದಯವಿಟ್ಟು ಹಳೆಯ ಆ್ಯಪನ್ನು ಈಗ ತೆಗೆಯಬೇಡಿ. ಲೆಕ್ಕವೆಲ್ಲ ಆ್ಯಪಿನ ಒಳಗೇ ಇದ್ದರೆ, ಆ್ಯಪಿನ ಜೊತೆಯಲ್ಲಿ ಅದೂ ಅಳಿಸಿಹೋಗುತ್ತದೆ.

ಪರದೆಯ ಮೇಲೆ ಕಾಣುವ ಹೆಸರೂ ಚಿತ್ರವೂ ನಮ್ಮ ಕಣ್ಣಿಗಾಗಿ ಇರುವಂಥವು. ಆಂಡ್ರಾಯ್ಡ್ ಗುರುತು ಹಿಡಿಯುವುದು ಆ್ಯಪಿನೊಳಗೆ ಬರೆದಿರುವ ಪ್ಯಾಕೇಜ್ ಹೆಸರಿನಿಂದ. ಭೂಮಿ ಜಾಲತಾಣದಲ್ಲಿ ಪಹಣಿ ನೋಡುವಾಗ ನಾವು ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರ್ ಆರಿಸುತ್ತೇವಲ್ಲ, ಪ್ಯಾಕೇಜ್ ಹೆಸರಿನ ಕ್ರಮವೂ ಹಾಗೆಯೇ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ: ಮೊದಲು ‘ಕಾಮ್’ ಅಥವಾ ‘ಇನ್’, ಬಳಿಕ ಸಂಸ್ಥೆಯ ಹೆಸರು, ಕೊನೆಗೆ ಆ್ಯಪಿನ ಹೆಸರು, ನಡುನಡುವೆ ಚುಕ್ಕಿ. ಜಾಲತಾಣದ ವಿಳಾಸವನ್ನು ಹಿಂದುಮುಂದಾಗಿ ಬರೆಯುವ ಈ ಪದ್ಧತಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಬಂದದ್ದು. ಒಂದು ಜಾಲತಾಣದ ವಿಳಾಸ ಒಬ್ಬರಿಗೇ ಸೇರಿರುವುದರಿಂದ, ಈ ಕ್ರಮವನ್ನು ಪಾಲಿಸಿದರೆ ಇಬ್ಬರು ಬೇರೆಬೇರೆಯಾಗಿ ಒಂದೇ ಹೆಸರಿಡುವ ಸಂಭವ ಬಹಳ ಕಡಿಮೆ. ತಮ್ಮ ಹುಡುಗ ಮೇಲಿನ ಹೆಸರನ್ನಷ್ಟೇ ಬದಲಿಸಿದ್ದಾನೆ, ಪ್ಯಾಕೇಜ್ ಹೆಸರು ಹಾಗೆಯೇ ಉಳಿದಿದೆ.

ಹಾಗಾದರೆ ಹೊಸದು ಹಳೆಯದರ ಮೇಲೆ ಕೂರಬೇಕಿತ್ತಲ್ಲ ಎಂದು ತಾವು ಕೇಳಬಹುದು. ಇಲ್ಲಿ ಎರಡನೆಯ ಗುರುತು ಅಡ್ಡ ಬರುತ್ತದೆ. ಪ್ರತಿಯೊಂದು ಆಂಡ್ರಾಯ್ಡ್ ಆ್ಯಪಿಗೂ ಅದನ್ನು ಮಾಡಿದವರ ಬಳಿ ಇರುವ ಗುಟ್ಟಿನ ಕೀಲಿಯಿಂದ ಡಿಜಿಟಲ್ ಸಹಿ ಬಿದ್ದಿರಬೇಕು. ಅದೇ ಪ್ಯಾಕೇಜ್ ಹೆಸರಿನ ಇನ್ನೊಂದು ಆ್ಯಪ್ ಬಂದಾಗ, ಅದೇ ಕೀಲಿಯ ಸಹಿ ಇದೆಯೇ ಎಂದು ಫೋನು ಹೋಲಿಸಿ ನೋಡುತ್ತದೆ. ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಈ ತಡೆ ತಮಗೆ ತೊಂದರೆ ಕೊಟ್ಟಿದೆ ನಿಜ, ಆದರೆ ಇದು ಇಲ್ಲದಿದ್ದರೆ ಬ್ಯಾಂಕಿನ ಆ್ಯಪಿನ ಪ್ಯಾಕೇಜ್ ಹೆಸರಿಟ್ಟುಕೊಂಡ ನಕಲಿಯೊಂದು ವಾಟ್ಸ್ಆ್ಯಪ್‌ನಲ್ಲಿ ಬಂದು, ಅಸಲಿಯ ಮೇಲೆ ಕುಳಿತು, ಅದರ ಒಳಗಿನದನ್ನೆಲ್ಲ ಓದಬಹುದಿತ್ತು. ಹಾಕಿಕೊಳ್ಳುವಾಗ ಪ್ರತಿ ಆ್ಯಪಿಗೂ ಆಂಡ್ರಾಯ್ಡ್ 10000ದಿಂದ ಮೇಲಿನ ಒಂದು ಸಂಖ್ಯೆಯನ್ನು ಕೊಡುತ್ತದೆ ಮತ್ತು ಪ್ಯಾಕೇಜ್ ಹೆಸರಿನ ಫೋಲ್ಡರನ್ನು ಆ ಸಂಖ್ಯೆಯ ವಶಕ್ಕೆ ಒಪ್ಪಿಸುತ್ತದೆ. ತಮ್ಮ ಗೂಡಿನ ಲೆಕ್ಕ ಇರುವುದು ಆ ಫೋಲ್ಡರಿನಲ್ಲೇ.

ಸಹಿ ಬದಲಾದದ್ದು ಲ್ಯಾಪ್‌ಟಾಪ್ ಬದಲಾದದ್ದರಿಂದ ಎಂದು ನನಗೆ ತೋರುತ್ತದೆ. ಕಲಿಯುವವರು ಸಾಮಾನ್ಯವಾಗಿ ಬಳಸುವ ‘ಡೀಬಗ್’ ಕೀಲಿಯನ್ನು, ಅಂದರೆ ಪರೀಕ್ಷೆಗೆಂದು ಇರುವ ಕೀಲಿಯನ್ನು, ಆ್ಯಪ್ ತಯಾರಿಸುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋ ಪ್ರತಿ ಕಂಪ್ಯೂಟರಿನಲ್ಲೂ ತಾನೇ ಹೊಸದಾಗಿ ಸೃಷ್ಟಿಸಿಕೊಳ್ಳುತ್ತದೆ.

ಐಫೋನಿನಲ್ಲಿಯೂ ಇಂಥದೇ ಗುರುತು ಇದೆ. ಅಲ್ಲಿ ಅದಕ್ಕೆ ಬಂಡಲ್ ಐಡಿ ಎನ್ನುತ್ತಾರೆ, ಅದರ ಆರಂಭಕ್ಕೆ ಆ್ಯಪಲ್ ಕೊಡುವ 10 ಅಕ್ಷರಗಳ ತಂಡದ ಗುರುತು ಸೇರುತ್ತದೆ.

ಇನ್ನು ಪರಿಹಾರ. ಹಳೆಯ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿದ್ದರೆ, ಅದರ ಬಳಕೆದಾರರ ಫೋಲ್ಡರಿನೊಳಗೆ ಚುಕ್ಕಿಯಿಂದ ಆರಂಭವಾಗುವ ‘ಆಂಡ್ರಾಯ್ಡ್’ ಎಂಬ ಫೋಲ್ಡರಿನಲ್ಲಿ ಆ ಕೀಲಿ ಇರುವ ‘ಡೀಬಗ್ ಕೀಸ್ಟೋರ್’ ಕಡತ ಸಿಗುತ್ತದೆ. ಅದನ್ನು ಹೊಸ ಲ್ಯಾಪ್‌ಟಾಪ್‌ನ ಅದೇ ಜಾಗಕ್ಕೆ ನಕಲು ಮಾಡಿ ಆ್ಯಪನ್ನು ಮತ್ತೆ ಕಟ್ಟಿದರೆ, ಲೆಕ್ಕ ಒಂದಿಷ್ಟೂ ಅಲುಗದೆ ಹೊಸದು ಹಳೆಯದರ ಮೇಲೆ ಕೂರುತ್ತದೆ. ಲ್ಯಾಪ್‌ಟಾಪ್ ಮಾರಿಬಿಟ್ಟಿದ್ದರೆ, ಹುಡುಗನು ಪ್ಯಾಕೇಜ್ ಹೆಸರನ್ನು ನಿಗದಿಪಡಿಸುವ ‘ಅಪ್ಲಿಕೇಶನ್ ಐಡಿ’ ಎಂಬ ಸಾಲಿಗೆ ಒಂದು ಪದ ಸೇರಿಸಲಿ. ಆಗ ಎರಡೂ ಆ್ಯಪ್‌ಗಳು ಅಕ್ಕಪಕ್ಕದಲ್ಲಿ ಇರುತ್ತವೆ, ಆದರೆ ಹೊಸದರಲ್ಲಿ ಲೆಕ್ಕದ ಪುಸ್ತಕ ಖಾಲಿಯಾಗಿರುತ್ತದೆ. ಹಳೆಯದು ಡೀಬಗ್ ರೂಪದಲ್ಲಿ ಕಟ್ಟಿದ್ದಾದರೆ, ಫೋನಿಗೆ ಯುಎಸ್‌ಬಿ ಕೇಬಲ್ ಹಾಕಿ ‘ರನ್ ಆ್ಯಸ್’ ಎಂಬ ಆದೇಶದಿಂದ ಅದರ ಫೋಲ್ಡರನ್ನು ತೆರೆದು ಲೆಕ್ಕವನ್ನು ಹೊರತೆಗೆದು ಹೊಸದಕ್ಕೆ ಸೇರಿಸಬಹುದು. ಹೊಸದರಲ್ಲಿ ಲೆಕ್ಕ ಸರಿಯಾಗಿ ಬಂದಿದೆಯೆಂದು ಹಳೆಯ ತಿಂಗಳೊಂದರ ಮೊತ್ತವನ್ನು ತಾವೇ ಕೂಡಿ ನೋಡಿದ ನಂತರವೇ ಹಳೆಯದನ್ನು ತೆಗೆಯಿರಿ. ಯಾವ ದಾರಿ ಹಿಡಿದರೂ, ಹೊಸ ಆ್ಯಪಿಗೆ ಸಹಿ ಹಾಕಿದ ಕೀಲಿಯ ಒಂದು ಪ್ರತಿಯನ್ನು ಗುಪ್ತಪದದ ಸಮೇತ ಪೆನ್‌ಡ್ರೈವಿನಲ್ಲಿ ತಮ್ಮ ಬಳಿಯೇ ಇಟ್ಟುಕೊಳ್ಳಿ.